ಹಂದಿ ಹಿಡಿದ ಆಂಡರ್ಸ್ ಯಾರ ಕಡೆಯವನು?

ನಾನು ಸೇಡಿಗೆಂದೇ ಹುಟ್ಟಿದವನು. ಮೂರನೇ ಕ್ಲಾಸಿನಲ್ಲಿ ನನ್ನ ಬಳಪ ಕದ್ದವನ ಮದುವೆಗೆ ಹೋಗಿ, ಬೀಗರಿಗೊಂದೂ ಉಳಿಯದಂತೆ ನಲವತ್ತು ಹೋಳಿಗೆ ತಿಂದು ಬಂದಿದ್ದೇನೆ. ಅಂಥ ನನ್ನ ಹೆಂಡತಿ ಕೋಕಿಲಾಳ ಒದ್ದೆ ಸೀರೆಯನ್ನು, ಸರದಿಯ ಸಮಯ ನಾಲ್ಕು ನಿಮಿಷ ಮೀರಿತೆಂದು, ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿಂದ ಹೊರಗೆ ಹಿಮಕ್ಕೆ ಎಸೆದನಲ್ಲ ಆ ಲೆನ್ನಾರ್ಟ್! ಸ್ವೀಡಿಷ್ ಊರಾದ ಶೋವ್ಡೆಯ ನಮ್ಮ ಕಟ್ಟಡದ ಸಂಘಕ್ಕೆ ಅವನೇ ಅಧ್ಯಕ್ಷ.

"ಕ್ಷಮೆ ಕೇಳ್ಲಿ, ಸಾಕು ರೀ" ಎಂದಳು ಕೋಕಿಲಾ.

"ಸಾಕಾ? ಅವನ ಬೇರನ್ನೇ ಕೀಳ್ತೀನಿ, ನೋಡ್ತಿರು."

ಅವನ ಬೇರು ಅಮೆರಿಕದಲ್ಲಿತ್ತು. ಕಟ್ಟಡದವರ ಪ್ರತಿ ಫಿಕಾ ಕೂಟದಲ್ಲೂ ಕಾಫಿ ಆರುವ ತನಕ ಅದೇ ಕೊರೆತ: ಮುತ್ತಜ್ಜನ ಮುತ್ತಜ್ಜನ ಅಣ್ಣ ಆಂಡರ್ಸ್ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸಿಪಾಯಿ, ಆಮೇಲೆ ಊರೇ ಆರಿಸಿದ ಮುಖಂಡ.

ಹನ್ನೊಂದು ಭಾನುವಾರ ಅಮೆರಿಕದ ಹಳೇ ದಾಖಲೆ ಜಾಲಾಡಿದೆ. ಕಂಪ್ಯೂಟರಿನಿಂದ ಹೊಗೆ ಬಂತು. ಕೊನೆಗೆ ಆಂಡರ್ಸನ ಪಿಂಚಣಿ ಅರ್ಜಿಯೇ ಸಿಕ್ಕಿತು. ಮುಖಂಡನಂತೆ! ಊರವರು ಗೇಲಿಗೆಂದು ಅವನಿಗೆ ಮೊದಲು ಕೊಟ್ಟ ಹುದ್ದೆ, ಬೀದಿ ಹಂದಿ ಹಿಡಿಯುವುದು. ಕುಣಿದುಬಿಟ್ಟೆ.

ಆದರೆ ಮುಂದೆ ಓದಿದೆ. ಯುದ್ಧದ ಚಳಿಯಲ್ಲಿ ಕ್ಯಾಪ್ಟನ್ ಅವನ ಕಂಬಳಿ ಕಿತ್ತು ತನ್ನ ಕುದುರೆಗೆ ಹೊದಿಸಿದ್ದ. ಆಂಡರ್ಸನ ಎರಡು ಕಾಲ್ಬೆರಳು ಹಿಮದ ಪಾಲಾದವು. ಆರು ವರ್ಷ ಅವನು ಬಾಯಿ ಬಿಡಲಿಲ್ಲ. ಹುದ್ದೆ ಸಿಕ್ಕ ದಿನವೇ ಕುಂಟುತ್ತ ಹೋಗಿ, ಅದೇ ಊರಿನಲ್ಲಿದ್ದ ಆ ಕ್ಯಾಪ್ಟನ್ನನ ಇಪ್ಪತ್ತಾರು ಹಂದಿಗಳನ್ನು ದೊಡ್ಡಿಗೆ ನೂಕಿ ಬೀಗ ಜಡಿದ! ಮರುವರ್ಷ ಊರು ಅವನನ್ನು ಪಂಚಾಯಿತಿಯಲ್ಲೇ ಕೂರಿಸಿತು. ನನ್ನ ಕಣ್ಣು ತುಂಬಿತು. ಇವನು ನನ್ನ ಜಾತಿಯವನು, ಸೇಡಿನ ಜಾತಿ.

ಸಂಘದ ವಾರ್ಷಿಕ ಸಭೆಯಲ್ಲಿ ಆ ಅರ್ಜಿಯನ್ನು ಗುಡುಗುವಂತೆ ಓದಿದೆ. ಹಂದಿ ಎಂದಾಗ ಎದ್ದ ನಗು ಎಷ್ಟೋ ದೂರದ ಕಾರ್ಲ್‌ಸ್ಟಾಡ್‌ಗೂ ಕೇಳಿರಬೇಕು. ಕಂಬಳಿ ಎಂದಾಗ ಎಲ್ಲರೂ ಲೆನ್ನಾರ್ಟನತ್ತ ತಿರುಗಿದರು. ಸೀರೆಯ ಸುದ್ದಿ ಇಡೀ ಕಟ್ಟಡಕ್ಕೆ ಗೊತ್ತಿತ್ತು.

"ಲೆನ್ನಾರ್ಟ್, ಆಂಡರ್ಸ್ ಇನ್ನು ನಮ್ಮ ಮನೆಯವನು. ನಿಮಗೆ ಆ ಕ್ಯಾಪ್ಟನ್ ಇದ್ದಾನೆ, ಇಟ್ಕೊಳ್ಳಿ" ಎಂದೆ.

ಮುದುಕ ಬಿಳಿಚಿಕೊಂಡ. "ಬದರಿನಾಥ, ಆ ಕಾಗದ... ನನಗೊಂದು ಪ್ರತಿ ಸಿಗುತ್ತಾ?"

"ಅರ್ಜಿ ಹಾಕಿ. ಆರು ವಾರ ಆಗುತ್ತೆ" ಎಂದೆ, ಅಧ್ಯಕ್ಷರ ಗತ್ತಿನಲ್ಲೇ. ಆಹಾ!

ಕೋಕಿಲಾ ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. "ಇಷ್ಟೆಲ್ಲಾ ಕುಣಿದ್ರಲ್ಲ, ನಾನು ಕೇಳಿದ್ದು ಬಂತೇನ್ರೀ?" ಎಂದು ಗದರಿ, ಅದನ್ನು ಲೆನ್ನಾರ್ಟನ ಮೂಗಿನೆದುರು ಹಿಡಿದು, "ಮೊದಲು ಕ್ಷಮೆ ಕೇಳಿ" ಎಂದಳು.

ಅವನು ಗೊಣಗಿದ. ಕೇಳಿಸಲಿಲ್ಲ ಎಂದಳು. ಮತ್ತೆ ಹೇಳಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದಳು. ಮೂರನೇ ಸಲ ಅವನು ಎದ್ದು ನಿಂತು ಕೂಗಿದ ಮೇಲೆಯೇ ಕಾಗದ ಬಿಟ್ಟಳು.