ಟಿವಿಯಲ್ಲಿ ಬಂದ ನಮ್ಮ ಕೊನೆಯ ಆರು ಸೆಕೆಂಡು

ಮಾನ್ಯ ವಾಚಕ ಮಹಾಶಯರೇ, ಅಸೂಯೆಯೆಂಬುದು ಅನ್ಯರಲ್ಲಿ ಕಂಡಾಗ ಹಾಸ್ಯಾಸ್ಪದವಾಗಿಯೂ ತನ್ನಲ್ಲಿ ಕಂಡಾಗ ನ್ಯಾಯಸಮ್ಮತವಾಗಿಯೂ ತೋರುವ ಗುಣವಾದ್ದರಿಂದ, ಈ ಕೆಳಗೆ ನಿವೇದಿಸಲಿರುವ ವೃತ್ತಾಂತವನ್ನು ಓದುವಾಗ ತಾವು ತೀರ್ಪಿಗೆ ಆತುರಪಡಬಾರದೆಂದು ವಿನಂತಿಸಿಕೊಳ್ಳುತ್ತೇನೆ.

ನಾನು ಲೋವೆಲ್ ಕ್ರೈಡರ್. ಇಂಡಿಯಾನಾದ ಪೈಕ್‌ಫೋರ್ಕ್ ಊರಿನವನು. ಊರು ಬಿಟ್ಟ ಇಪ್ಪತ್ತಾರು ವರ್ಷಗಳಲ್ಲಿ ಹದಿನಾಲ್ಕು ರಾಜ್ಯಗಳಲ್ಲಿ ದುಡಿದಿದ್ದೇನೆ. ಯಾವುದರಲ್ಲಿಯೂ ಸತತವಾಗಿ ಎರಡು ಚಳಿಗಾಲ ಕಳೆದವನಲ್ಲ. ಕಳೆದ ಅಕ್ಟೋಬರಿನಲ್ಲಿ ನೆಬ್ರಾಸ್ಕಾದ ಸಕ್ಕರೆ ಕಾರ್ಖಾನೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದೆ. ಅದಕ್ಕೆ ಕಾರಣ ಒಂದು ಟಿವಿ ಧಾರಾವಾಹಿ.

ಅದನ್ನು ಬರೆಯುತ್ತಿದ್ದವಳು ನಮ್ಮೂರಿನ ಕೊರಿನ್. ನಾವು ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಬೆಂಚಿನ ತುದಿಯಲ್ಲಿ ಕುಳಿತು ಅಂಕ ಬರೆದುಕೊಳ್ಳುತ್ತಿದ್ದ ಹುಡುಗಿ. ಕಥೆಯೇನೋ ಹುಟ್ಟೂರಿಗೆ ಹಿಂದಿರುಗಿದ ವಕೀಲೆಯೊಬ್ಬಳದು. ಆದರೆ ಅದರಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದೊಯ್ಯುವ ರಾಯ್ಸ್ ಎಂಬ ಪೋಷಕ ಪಾತ್ರವೊಂದಿತ್ತು. ಮಾತು ಕಡಿಮೆ, ಎಂದೋ ಒಮ್ಮೆ ಹೈಸ್ಕೂಲು ತಂಡದಲ್ಲಿ ಆಡಿದವನೆಂದು ಅಲ್ಲಲ್ಲಿ ಸೂಚನೆ. ನೆಬ್ರಾಸ್ಕಾದ ಮೋಟೆಲೊಂದರಲ್ಲಿ ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಳಿತಿದ್ದಾಗ, ಆ ರಾಯ್ಸ್‌ನ ಹಳೆಯ ಫೋಟೋವೊಂದನ್ನು ಟಿವಿಯಲ್ಲಿ ಕಂಡೆ. ಬಲಗಾಲಿನ ಸಾಕ್ಸು ಮೊಣಕಾಲಿನವರೆಗೆ, ಎಡಗಾಲಿನದು ಪಾದದ ಮೇಲೆ ಮುದುಡಿ ಕುಳಿತಿತ್ತು. ಪೈಕ್‌ಫೋರ್ಕ್ ತಂಡದಲ್ಲಿ ಹಾಗೆ ಸಾಕ್ಸು ಹಾಕುತ್ತಿದ್ದವನು ನಾನೊಬ್ಬನೇ.

ಆದರೆ ಊರಿನಲ್ಲಿ ಎಲ್ಲರ ಬಾಯಲ್ಲಿಯೂ ರಾಯ್ಸ್ ಎಂದರೆ ಡೆನ್ಜಿಲ್ ಸ್ಟ್ರೌಪ್.

ಡೆನ್ಜಿಲ್ ನನ್ನ ಸಹ ಆಟಗಾರ. ಶಾಲೆಯಲ್ಲಿ ನನಗಿಂತ ಎರಡಂಗುಲ ಎತ್ತರ, ನಗುವಿನಲ್ಲಿ ಎರಡು ಮೈಲಿ ಮುಂದೆ. ಈಗ ಮುಖ್ಯ ಬೀದಿಯಲ್ಲಿ ಅವನ ಊಟದ ಅಂಗಡಿ. ಬನ್ನಿನ ಆಚೆಗೆ ಅಂಗೈಯಗಲ ಚಾಚಿಕೊಂಡಿರುವ, ಹಿಟ್ಟು ಹಚ್ಚಿ ಕರಿದ ಹಂದಿಮಾಂಸದ ಟೆಂಡರ್‌ಲಾಯಿನ್ ತಿನ್ನಲು ಪಕ್ಕದ ಕೌಂಟಿಯಿಂದಲೂ ಜನ ಬರುತ್ತಿದ್ದರು. ತಲೆ ಬೋಳಾದಾಗ ನಾನು ಕಾಯಿಲೆಯವನಂತೆ ಕಂಡೆ. ಅವನು ಬೋಳಾಗಿ ನ್ಯಾಯಾಧೀಶನಂತೆ ಕಾಣುತ್ತಿದ್ದ. ಧಾರಾವಾಹಿ ಶುರುವಾದ ಮೇಲೆ ಗುರುವಾರ ಸಂಜೆ ಊರೆಲ್ಲ ಅವನ ಅಂಗಡಿಯಲ್ಲಿ ಸೇರಿ, ಅವನದೇ ಟಿವಿಯಲ್ಲಿ, ಅವನದೇ ಕಥೆಯೆಂದು ನಂಬಿಕೊಂಡು ಅದನ್ನು ನೋಡುತ್ತಿತ್ತು. ನಾನು ಮೂಲೆಯ ಮೇಜಿನಲ್ಲಿ ಕುಳಿತು ಹಲ್ಲು ಕಚ್ಚುತ್ತಿದ್ದೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ. ಸಾವಿರದ ಒಂಬೈನೂರ ತೊಂಬತ್ತೊಂದರ ಸೆಕ್ಷನಲ್ ಫೈನಲ್, ಅಂದರೆ ರಾಜ್ಯ ಪಂದ್ಯಾವಳಿಯ ಮೊದಲ ಸುತ್ತಿನ ಕೊನೆಯ ಆಟ. ನಾವು ಐವತ್ತೊಂದು, ಎದುರಾಳಿ ಐವತ್ತೆರಡು, ಉಳಿದದ್ದು ಆರು ಸೆಕೆಂಡು. ಚೆಂಡು ನನ್ನ ಕೈಯಲ್ಲಿತ್ತು. ಡೆನ್ಜಿಲ್ ಬುಟ್ಟಿಯ ಕೆಳಗೆ ಒಬ್ಬನೇ ಕೈಯೆತ್ತಿ ನಿಂತಿದ್ದ. ನಾನು ಅವನಿಗೆ ಕೊಡದೆ ದೂರದಿಂದಲೇ ಎಸೆದೆ. ಚೆಂಡು ರಿಮ್ಮಿನ ಹಿಂಬದಿಗೆ ಬಡಿದು ಹೊರಗೆ ಬಿತ್ತು. ಮರುದಿನದಿಂದ ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲಿನಲ್ಲಿ ಒಂದೇ ಪ್ರಶ್ನೆ: "ಏನಪ್ಪಾ ಲೋವೆಲ್, ಅಷ್ಟೆತ್ತರದ ಡೆನ್ಜಿಲ್ ಕಣ್ಣಿಗೆ ಬೀಳ್ಲಿಲ್ವಾ?" ಕಾಣಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ಜೂನ್ ಹೊತ್ತಿಗೆ ಊರು ಬಿಟ್ಟೆ.

ಫೆಬ್ರವರಿಯ ಮೂರನೆಯ ಗುರುವಾರ ರಾಯ್ಸ್‌ನ ಹೈಸ್ಕೂಲು ದಿನಗಳನ್ನು ತೋರಿಸುತ್ತಾರೆಂದು ತಿಳಿದಾಗ ಅಂಗಡಿಯಲ್ಲಿ ಕುರ್ಚಿ ಸಾಲಲಿಲ್ಲ. ಮುಂದಿನ ಮೇಜಿನಲ್ಲಿ ನಮ್ಮ ಹಳೆಯ ಕೋಚ್ ಹ್ಯಾಫ್ನರ್. ಅವರ ಪಕ್ಕದಲ್ಲಿ, ನಲವತ್ತು ವರ್ಷ ಶಾಲೆಯ ಜಿಮ್ಮಿನ ಸ್ಕೋರ್‌ಬೋರ್ಡ್ ನಡೆಸಿದ ವಿಲ್ಡಾ, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು.

"ಇವತ್ತು ಗೊತ್ತಾಗೋಗುತ್ತೆ ಬಿಡಿ," ಎಂದಳು ವಿಲ್ಡಾ. "ರಾಯ್ಸ್ ಬುಟ್ಟಿ ಕೆಳಗೆ ಕೈಯೆತ್ಕೊಂಡು ನಿಂತಿದ್ರೆ ಅವನು ಡೆನ್ಜಿಲ್. ಚೆಂಡು ಅವನ ಕೈಲಿದ್ರೆ..." ಆಕೆ ನನ್ನ ಕಡೆ ತಿರುಗಿದಳು. "ಅಲ್ಲಿ ಕೂತಿದಾರಲ್ಲ, ಅವರು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪಾತ್ರ ನಾನಾಗಬೇಕಿತ್ತು. ಸೋತರೂ ಚಿಂತೆಯಿರಲಿಲ್ಲ, ಇಡೀ ದೇಶದ ಮುಂದೆ ಒಮ್ಮೆಯಾದರೂ ಡೆನ್ಜಿಲ್ ನನ್ನ ಕಥೆಯಲ್ಲಿ ಪಕ್ಕಕ್ಕೆ ನಿಂತಿರಬೇಕಿತ್ತು.

ಆಟ ಶುರುವಾದೊಡನೆ ವಿಚಾರಣೆಯೂ ಶುರುವಾಯಿತು.

"ಮೊಣಕೈ ನೋಡ್ರೋ ಅವನದು," ಎಂದು ಕೋಚ್ ನರಳಿದರು. "ಕೋಳಿ ರೆಕ್ಕೆ ಬಡ್ದಂಗಿದೆ. ನನ್ನ ಹತ್ರ ಇದ್ದಿದ್ರೆ ಬೆಂಚ್ ಒರೆಸೋಕೂ ಕರೀತಿರ್ಲಿಲ್ಲ."

"ಜಿಮ್ ನೋಡಿ ಕೋಚ್, ಅರ್ಧ ಖಾಲಿ! ಸೆಕ್ಷನಲ್ ಫೈನಲ್ಲಿಗೆ?" ಎಂದು ಹಿಂದಿನಿಂದ ಯಾರೋ ಕೂಗಿದರು. "ನಮ್ಮಜ್ಜಿ ಹೆಣ ಮನೇಲಿಟ್ಟು ಆಟ ನೋಡೋಕೆ ಬಂದಿದ್ವಿ ನಾವು!"

"ಬೋರ್ಡಲ್ಲಿ ಆರು ಸೆಕೆಂಡು ಅಂತಿದೆ," ಎಂದಳು ವಿಲ್ಡಾ ಗಡಿಯಾರ ಎತ್ತಿ ಹಿಡಿದು. "ಇಲ್ಲಿ ಆಗ್ಲೇ ಹತ್ತೊಂಬತ್ತು. ಇವನು ಇನ್ನೂ ಓಡ್ತಾನೇ ಇದಾನೆ. ಓಡು ಮಗನೇ, ಬೆಳಗಾಗೋದ್ರೊಳಗೆ ಮುಟ್ತೀಯ."

ಅಷ್ಟರಲ್ಲಿ ಚೆಂಡು ರಾಯ್ಸ್‌ನ ಕೈಗೆ ಬಂತು. ಎಡಗಾಲಿನ ಸಾಕ್ಸು ಮುದುಡಿತ್ತು. ಬುಟ್ಟಿಯ ಕೆಳಗೆ ಎತ್ತರದ ಗೆಳೆಯನೊಬ್ಬ ಕೈಯೆತ್ತಿ ನಿಂತಿದ್ದ. ಅಂಗಡಿಯ ತಲೆಗಳೆಲ್ಲ ಒಮ್ಮೆಲೇ ನನ್ನತ್ತ ತಿರುಗಿದವು. ಇಪ್ಪತ್ತಾರು ವರ್ಷಗಳಲ್ಲಿ ಅಂಥ ಸುಖವನ್ನು ನಾನು ಕಂಡಿರಲಿಲ್ಲ.

ಆದರೆ ರಾಯ್ಸ್ ಎಸೆಯಲಿಲ್ಲ. ಚೆಂಡನ್ನು ಗೆಳೆಯನಿಗೆ ಕೊಟ್ಟ. ಆ ಗೆಳೆಯ, ಬುಟ್ಟಿಯ ಕೆಳಗೆ ಒಬ್ಬನೇ ನಿಂತವನು, ಎರಡಡಿ ದೂರದಿಂದ ಎಸೆದು ಗುರಿ ತಪ್ಪಿದ. ಆಟ ಮುಗಿದ ಗಂಟೆ ಮೊಳಗಿತು. ಸೋತ ಆ ಹುಡುಗ ಕಣ್ಣೀರು ತುಂಬಿಕೊಂಡು ರಾಯ್ಸ್‌ನ ಕಡೆಗೆ ಬೆರಳು ತೋರಿಸಿದ.

ಅಂಗಡಿ ಸಿಡಿದೆದ್ದಿತು.

"ಸುಳ್ಳು! ಶುದ್ಧ ಸುಳ್ಳು!"

"ಅಲ್ಲಿಂದ ಡೆನ್ಜಿಲ್ ತಪ್ಪಿಸ್ತಾನಾ? ಕಣ್ಣು ಕಟ್ಟಿ ಬಿಟ್ರೂ ಹಾಕ್ತಿದ್ದ!"

ಕೋಚ್ ಹ್ಯಾಫ್ನರ್ ಎದ್ದು ನಿಂತಿದ್ದರು. "ಅದು ಹಾಳಾಗ್ಲಿ. ಆ ಬೆರಳು ಯಾತಕ್ಕೆ? ಬುಟ್ಟಿಗೆ ಹಾಕಿದೋನು ಪಾಸ್ ಕೊಟ್ಟೋನಿಗೆ ಬೆರಳು ತೋರಿಸ್ಬೇಕು, ನಿನ್ನಿಂದ ಆಯ್ತಪ್ಪಾ ಅಂತ. ಇಪ್ಪತ್ತೊಂಬತ್ತು ವರ್ಷ ಅದನ್ನ ಕಲ್ಸಿದೀನಿ. ತಪ್ಪಿಸಿದೋನು ಬೆರಳು ತೋರ್ಸಿದ್ದನ್ನ ಈ ಜನ್ಮದಲ್ಲಿ ನೋಡಿಲ್ಲ. ಆಟದ ಗಂಧಗಾಳಿ ಇಲ್ಲದೋರು ಬರೆದಿರೋದು ಇದನ್ನ."

"ಕೊರಿನ್ ಆವತ್ತು ಅಲ್ಲೇ ಇದ್ಲಲ್ಲ ಕೋಚ್," ಎಂದಳು ವಿಲ್ಡಾ. "ಅವಳಿಗೆ ಗೊತ್ತಿಲ್ವಾ?"

ಇದು ಯಾರ ಕೈವಾಡವೆಂದು ನನಗೆ ಮಾತ್ರ ತಟ್ಟನೆ ಗೊತ್ತಾಯಿತು. ಬೆರಳು ತೋರಿಸುವುದರಲ್ಲಿ ಡೆನ್ಜಿಲ್‌ನನ್ನು ಮೀರಿಸಿದವರಿರಲಿಲ್ಲ. ನಾನು ಕೊಟ್ಟ ಒಂದೊಂದು ಪಾಸಿಗೂ, ಕೆಟ್ಟದ್ದಕ್ಕೂ, ಅವನು ತೋರಿಸುತ್ತಿದ್ದ. ಅವನ ಪಾಸಿನಿಂದ ನಾನು ಹಾಕಿದ ಚೆಂಡುಗಳಿಗೆ ಲೆಕ್ಕವಿಲ್ಲ. ನನ್ನ ಬೆರಳು ಒಮ್ಮೆಯೂ ಮೇಲೇಳಲಿಲ್ಲ. ಎದ್ದು ಅಡುಗೆಮನೆಗೆ ನುಗ್ಗಿದೆ. ಅವನು ಮಾಂಸದ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸುತ್ತಿದ್ದ.

"ನೀನೇ ಬರೆಸಿದ್ದಲ್ವಾ?"

ಅವನು ತಲೆಯೆತ್ತಲಿಲ್ಲ. "ಕೊರಿನ್ ಫೋನ್ ಮಾಡಿದ್ಲು. ನಡೆದಿದ್ದು ನಡೆದಂಗೇ ಇರ್ಲಿ ಅಂದ್ಲು. ಬೇಡ ಕಣೇ, ನಾನು ತಪ್ಪಿಸ್ದೆ ಅಂತ ಬರಿ ಅಂದೆ."

"ಯಾಕೆ?"

"ಯಾಕಂದ್ರೆ? ಆ ಒಂದು ಎಸೆತಕ್ಕೆ ನೀನು ಊರೇ ಬಿಟ್ಟೋದೆ. ಟಿವಿಲಿ ಬಂದಿದ್ದನ್ನ ಜನ ನಂಬ್ತಾರೆ. ಇನ್ನು ಹತ್ತು ವರ್ಷಕ್ಕೆ ನಾನೇ ತಪ್ಸಿದ್ದು ಅಂತಾರೆ, ನೋಡ್ತಿರು." ಹಿಟ್ಟಿನ ಕೈಯಿಂದಲೇ ನನ್ನ ಭುಜ ಮುಟ್ಟಿದ. "ಅಂದ್ರೆ ಅಂದ್ಕೊಳ್ಲಿ ಬಿಡೋ. ನಂಗೇನು ಕಮ್ಮಿ ಆಗುತ್ತೆ?"

ವಾಚಕರೇ, ಅವನ ಎತ್ತರವನ್ನು ಸಹಿಸಿದ್ದೆ. ಅವನ ನಗು, ಅಂಗಡಿ, ಬೋಳುತಲೆಯನ್ನು ಕೂಡ. ಆದರೆ ನನ್ನ ಬದುಕನ್ನೇ ಮುರಿದ ಸೋಲೊಂದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಅದರ ಭಾರವೇ ತಿಳಿಯದವನಂತೆ ಮಾಂಸ ಕರಿಯಲು ತಿರುಗಿದ ಆ ಮನುಷ್ಯನನ್ನು ನಾನು ಸಹಿಸದಾದೆ. ಊರಿನಲ್ಲಿ ನನ್ನದೆಂದು ಉಳಿದದ್ದು ಆ ಸೋಲೊಂದೇ. ಅದನ್ನೂ ಅವನು ನನಗಿಂತ ಚೆನ್ನಾಗಿ ಹೊರಬಲ್ಲವನಾಗಿದ್ದ.

ಹೊರಗೆ ಬಂದು ಟಿವಿಯ ಮುಂದೆ ನಿಂತೆ.

"ಆ ಚೆಂಡು ಎಸೆದೋನು ನಾನು," ಎಂದೆ.

"ಗೊತ್ತಪ್ಪಾ, ಎಲ್ಲರಿಗೂ ಗೊತ್ತು," ಎಂದರು ಕೋಚ್ ಸಮಾಧಾನದಿಂದ. "ಕೂತ್ಕೋ. ನಿಂಗೆ ಅವನು ಕಾಣ್ಲಿಲ್ಲ. ಆಗುತ್ತೆ."

"ಕಂಡಿದ್ದ."

ಯಾರೋ ತಟ್ಟೆಯ ಮೇಲೆ ಫೋರ್ಕು ಇಟ್ಟ ಸದ್ದು ಕೇಳಿಸಿತು.

"ಚೆನ್ನಾಗಿ ಕಂಡಿದ್ದ ಕೋಚ್. ಕೊಟ್ಟಿದ್ರೆ ಹಾಕ್ತಿದ್ದ. ಆಮೇಲೆ ನೀವೆಲ್ಲ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿದ್ರಿ. ಅದನ್ನ ನೋಡೋದಕ್ಕಿಂತ ಸೋಲೋದೇ ವಾಸಿ ಅನ್ನಿಸ್ತು. ಅದಕ್ಕೇ ಕೊಡ್ಲಿಲ್ಲ."

ಕೋಚ್ ನಿಧಾನವಾಗಿ ಕುಳಿತರು. ಎಪ್ಪತ್ತೆಂಟರ ಆ ಮುಖ ಒಂದೇ ಗಳಿಗೆಯಲ್ಲಿ ಇನ್ನಷ್ಟು ಮುಪ್ಪಾಯಿತು. ವಿಲ್ಡಾ ಟಿವಿ ಆರಿಸಿದಳು. ಅಡುಗೆಮನೆಯ ಬಾಗಿಲಿನಲ್ಲಿ ಡೆನ್ಜಿಲ್ ನಿಂತಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ. ಹಾಗಿದ್ದ ಅವನನ್ನು ನಾನು ನೋಡಿದ್ದು ಅದೇ ಮೊದಲು.

"ನಿಂಗೆ ಕಾಣ್ಲಿಲ್ಲ ಅಂತ ಇಪ್ಪತ್ತಾರು ವರ್ಷ ಈ ಊರೋರ ಹತ್ರ ಜಗಳ ಆಡಿದೀನಿ ಕಣೋ," ಎಂದ. "ನಮ್ಮಪ್ಪನ ಹತ್ರಾನೂ."

ಅವನು ಒಳಗೆ ಹೋದ. ಎಣ್ಣೆಯಲ್ಲಿ ಮಾಂಸ ಸೀಯುತ್ತಿದ್ದ ವಾಸನೆ ಬರುತ್ತಿತ್ತು. ಗೆದ್ದೆನೆಂದೇ ಅನಿಸಿತು ನನಗೆ. ಆ ಭಾವ ಕಾರಿನ ಬಾಗಿಲು ತೆರೆಯುವವರೆಗೆ ಉಳಿಯಿತು.

ಮರುದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದು ತುಂಬತೊಡಗಿದೆ. ಮೂರು ಅಂಗಿ, ಎರಡು ಪ್ಯಾಂಟು, ರೇಜರು, ಹೊದಿಕೆ ಹರಿದ ಐದಾರು ಕಾದಂಬರಿಗಳು. ಹಿಮ ಕರಗಿ ರಸ್ತೆ ಕೆಸರಾಗಿತ್ತು. ಕೆಂಟಕಿಯ ಕುದುರೆ ಲಾಯಗಳಲ್ಲಿ ಮಾರ್ಚಿನಲ್ಲಿ ಮರಿ ಹಾಕುವ ಕಾಲ. ಕೆಲಸಕ್ಕೆ ಆಳು ಬೇಕೇ ಬೇಕು. ಮುಖ್ಯ ಬೀದಿಯನ್ನು ಹಾಯದೆ, ಧಾನ್ಯದ ಗೋದಾಮಿನ ಹಿಂದಿನ ರಸ್ತೆ ಹಿಡಿದು, ಕಾರನ್ನು ದಕ್ಷಿಣಕ್ಕೆ ತಿರುಗಿಸಿದೆ.