ತಳ ಗುಡಿಸುವ ಬಲೆ

ಈಚೆಗೆ ನಮ್ಮ ದಡದಲ್ಲಿ ಬೆಳಗಿನ ಗದ್ದಲವೇ ಇಲ್ಲ. ದೋಣಿಗಳು ನಿದ್ದೆಗಣ್ಣಿನಲ್ಲಿ ನಡೆದುಬಂದ ಹಾಗೆ ಮಂಜಿನೊಳಗಿಂದ ಬರುತ್ತವೆ. ಬುಟ್ಟಿಗಳು ಅರ್ಧವೂ ತುಂಬಿರುವುದಿಲ್ಲ.

ಅಂದು ಮೋಟುಮೀಸೆಯವನ ದೋಣಿ ಮಾತ್ರ ತುಂಬಿ ಬಂತು. ದೊಡ್ಡ ದೋಣಿಯ ಸಾಹುಕಾರರು ಅವನಿಗೆ ಹೊಸ ಬಲೆಯೊಂದನ್ನು ಪರೀಕ್ಷೆಗೆಂದು ಕೊಟ್ಟಿದ್ದರು. ತೀರಾ ಸಣ್ಣ ಕಣ್ಣಿನ ಬಲೆ. ಕಬ್ಬಿಣದ ಸರಪಳಿ ಎಳೆದುಕೊಂಡು ಕಡಲ ತಳವನ್ನೇ ಗುಡಿಸಿ ತರುತ್ತದೆ. ಒಪ್ಪಿಗೆಯಾದರೆ ಸಂಜೆಯೊಳಗೆ ಹಳೆಯ ಬಲೆ ಕೊಟ್ಟು ಇದನ್ನು ಇಟ್ಟುಕೊಳ್ಳಬೇಕು.

"ನೋಡಿದ್ರಾ ಅತ್ತಿಗೆ, ಹೇಗಿದೆ ನಿಮ್ಮ ಮೈದುನನ ಕೈಗುಣ?"

ಅತ್ತಿಗೆ ಮೀನು ವಿಂಗಡಿಸುವ ಹೆಂಗಸರಲ್ಲಿ ಹಿರಿಯಳು. "ಗುಣ ಆಮೇಲೆ, ಮೊದಲು ಕೈ ತೋರಿಸು" ಎಂದವಳೇ ಹಗ್ಗ ಉಜ್ಜಿ ಕೆಂಪಾದ ಅಂಗೈಗೆ ಸಿಹಿನೀರು ಸುರಿದು, ಹಳೆ ಬಟ್ಟೆ ಸುತ್ತಿದಳು. ಆಮೇಲೆ ಬುಟ್ಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

"ಇದು ಯಾವ ಮೀನು ಅಂದ್ಕೊಂಡೆ?"

"ಯಾವುದೋ ಸಣ್ಣ ಜಾತಿ. ಬೆಳೆಯೋದೇ ಇಷ್ಟು. ಕೋಳಿ ಮೇವಿನವರು ತಗೋತಾರೆ ಬಿಡಿ."

ಅತ್ತಿಗೆ ಒಂದನ್ನು ಬೆಳಕಿಗೆ ಹಿಡಿದಳು. ಗಾಜಿನಂಥ ಮೈ. "ಕಿವಿರಿನ ಹಿಂದೆ ಕಪ್ಪು ಚುಕ್ಕಿ ಇದೆ ನೋಡು. ನಿನ್ನ ಮದುವೆಗೆ ನಿಮ್ಮಣ್ಣ ಮೊಳದುದ್ದದ ಮೀನು ತಂದಿದ್ರಲ್ಲ, ಅದರ ಮರಿ ಇದು."

"ಸುಮ್ನಿರಿ ಅತ್ತಿಗೆ! ಆ ಮೀನೆಲ್ಲಿ, ಈ ಬೆಂಕಿಕಡ್ಡಿಯೆಲ್ಲಿ!"

"ನಿನಗೇನು ಹುಟ್ಟುವಾಗಲೇ ಮೀಸೆ ಇತ್ತಾ?"

ಬಲೆ ಕೊಡವುತ್ತಿದ್ದ ಅವನ ಹೆಂಡತಿ ಕಿಸಕ್ಕೆಂದಳು. ಅವನಿಗೆ ರೇಗಿತು.

"ಆಯ್ತು, ಮರಿನೇ ಅನ್ನಿ. ನಾನು ಬಿಟ್ರೆ ದೊಡ್ಡ ದೋಣಿಯವರು ಬಿಡ್ತಾರಾ? ನಾನೊಬ್ಬ ಹಸ್ಕೊಂಡು ಕೂತ್ರೆ ಏನು ಬಂತು?"

"ನೀನೊಬ್ಬನೇ ಅಲ್ಲ ಕಣಪ್ಪ. ನಾವು ಹೆಂಗಸರೆಲ್ಲ ಮಾತಾಡ್ಕೊಂಡಿದ್ದೀವಿ. ಮರಿ ತುಂಬಿದ ಬುಟ್ಟಿಗೆ ಇನ್ಮೇಲೆ ಕೈ ಹಾಕಲ್ಲ. ಸಾಹುಕಾರರದ್ದಾದ್ರೂ ಸರಿ, ನಿನ್ನದಾದ್ರೂ ಸರಿ."

ಅಷ್ಟರಲ್ಲಿ ಹೆಂಡತಿ ಎದ್ದು ಬಂದಳು. ಬೇರುಸಮೇತ ಕಿತ್ತುಬಂದ ಕಡಲಹುಲ್ಲು ಅವಳ ಬೊಗಸೆಯಲ್ಲಿತ್ತು. ಹುಲ್ಲಿಗೆ ದ್ರಾಕ್ಷಿ ಗೊಂಚಲಿನ ಹಾಗೆ ಮೊಟ್ಟೆಗಳು ಅಂಟಿದ್ದವು. ಒಂದೊಂದರೊಳಗೂ ಕಾಳಿನಷ್ಟು ಜೀವ, ಕನಸಿನಲ್ಲಿ ಮಗ್ಗುಲು ಬದಲಿಸಿದಂತೆ, ಮೆಲ್ಲಗೆ ಅಲುಗುತ್ತಿತ್ತು.

"ರೀ, ತೊಟ್ಟಿಲು ಸಮೇತ ಎತ್ಕೊಂಡು ಬಂದಿದ್ದೀರಲ್ರೀ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಎದೆಮಟ್ಟದ ನೀರಿಗಿಳಿದು, ಕಲ್ಲುಗಳ ಸಂದಿಯಲ್ಲಿ ನಿಧಾನವಾಗಿ ಸಿಕ್ಕಿಸಿದ. ಉಳಿಯುತ್ತದೋ ಇಲ್ಲವೋ, ಯಾರಿಗೆ ಗೊತ್ತು. ದಡಕ್ಕೆ ಬಂದವನೇ ಹೆಂಡತಿಗೆ ಹೇಳಿದ: "ಬಲೆಯ ಆ ಕಡೆ ತುದಿ ಹಿಡ್ಕೋ, ಮಡಚೋಣ. ಸಾಹುಕಾರರ ಬಲೆ ಅವರಿಗೇ ಇರಲಿ."

ನೀವೂ ಕಡಲನ್ನು ನಂಬಿ ಬದುಕುವವರಾದರೆ, ಮರಿ ನುಸುಳಿ ಹೋಗುವಷ್ಟು ಅಗಲ ಕಣ್ಣಿನ ಬಲೆಯನ್ನೇ ಹಾಕಿ. ತಳ ಕೆರೆಯುವ ಬಲೆ ಬೇಡ. ಮೀನು ಕೊಳ್ಳುವವರಾದರೆ, ಮರಿ ಬೇಡವೆಂದು ಬಾಯಿಬಿಟ್ಟು ಹೇಳಿ. ಇಂದು ಉಳಿದ ಮರಿ ಕತ್ತಲ ನೀರಿನಲ್ಲಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಅದು ನಮ್ಮನ್ನು ಕೇಳುವುದು ಒಂದಿಷ್ಟು ಸಮಯವನ್ನು ಮಾತ್ರ. ಕೊಡೋಣ.