ಎರಡನೇ ಬ್ರೇಕು

ಬ್ರೇಕ್ ಮೇಷ್ಟ್ರ ಕಾರಿಗೆ ಎರಡು ಬ್ರೇಕು. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಡ್ರೈವಿಂಗ್ ಕಲಿಸುವುದೇ ಕಸುಬಾದವರಿಗೆ ಅದಿಲ್ಲದಿದ್ದರೆ ಆಯುಷ್ಯವೂ ಇಲ್ಲ. ಮೂವತ್ತೊಂದು ವರ್ಷ ಕಲಿಸಿದರು, ಅದರಲ್ಲಿ ಹದಿನಾರು ವರ್ಷ ಇದೇ ಕಾರಿನಲ್ಲಿ. ಈಗ ಕಣ್ಣಿಗೆ ಮಂಜು ಕವಿದಿತ್ತು. ಡಾಕ್ಟರು ಇನ್ನು ರಸ್ತೆಗೆ ಇಳಿಯಕೂಡದು ಎಂದ ಮೇಲೆ ಕಾರು ಮಾರದೆ ವಿಧಿಯಿರಲಿಲ್ಲ.

ಮಾರುವುದೇನೋ ಸರಿ, ಮಾರುವವರು ಯಾರು ಎಂಬುದೇ ಮನೆಯಲ್ಲಿ ಜಗಳ. ಹೋದ ವರ್ಷ ಯಾವನೋ ಕರೆಂಟ್ ಆಫೀಸಿನವನೆಂದು ಫೋನ್ ಮಾಡಿ, ಒತ್ತಿ ಎಂದ ನಂಬರುಗಳನ್ನೆಲ್ಲ ಮೇಷ್ಟ್ರ ಕೈಯಲ್ಲೇ ಒತ್ತಿಸಿ ಟೋಪಿ ಹಾಕಿದ್ದ. ಅಂದಿನಿಂದ ಪಾಸ್‌ಬುಕ್ಕು ಮಗಳ ಬೀರು ಸೇರಿತ್ತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಮನುಷ್ಯರನ್ನೂ ಒಂದು ಹನಿ ಗಾಜಿನ ಮೇಲಿಟ್ಟು ನೋಡಿಯೇ ನಂಬುವವಳು.

"ಕಾರು ನಂದು. ನಾನೇ ಮಾರ್ತೀನಿ" ಎಂದರು ಮೇಷ್ಟ್ರು.

"ಮಾರಿ ಅಪ್ಪಾ. ಆದ್ರೆ ಈ ಸಲ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಮುಂದೆ ಎಲ್ಲಾ ನಾನೇ ನೋಡ್ಕೋತೀನಿ. ನಿಮ್ಮ ಫೋನೂ ಸೇರಿ."

ಮೇಷ್ಟ್ರಿಗೆ ಕಾರಿನ ಬೆಲೆಗಿಂತ ಆ ಮಾತು ಭಾರವಾಯಿತು. ಊರಿನ ಅರ್ಧ ಜನಕ್ಕೆ ಯಾವಾಗ ನಿಲ್ಲಬೇಕು, ಯಾವಾಗ ಹೊರಡಬೇಕು ಎಂದು ಹೇಳಿಕೊಟ್ಟ ತನಗೆ ಈಗ ಸ್ವಂತ ಫೋನ್ ಎತ್ತಲೂ ಅಪ್ಪಣೆ ಬೇಕೆ?

ಮಗಳು ಒಂಬತ್ತು ನಿಯಮಗಳನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಚೌಕಾಸಿ ಮಾಡದವನನ್ನು ನಂಬಬೇಡಿ. ಅವಸರ ಮಾಡುವವನನ್ನು ನಂಬಬೇಡಿ. ಗುರುತು ಹೇಳಿಕೊಂಡು ಬರುವವನನ್ನಂತೂ ನಂಬಲೇಬೇಡಿ. ಫೋನ್ ಯಾರ ಕೈಗೂ ಕೊಡಬೇಡಿ. ಬ್ಯಾಂಕಿನ ಎದುರೇ ಭೇಟಿಯಾಗಿ. ಏಳನೆಯದರ ಕೆಳಗೆ ಎರಡು ಗೆರೆ: ದುಡ್ಡು ಬಂತು ಅಂತ ಮೆಸೇಜ್ ಬಂದರೆ ನಂಬಬೇಡಿ, ಖಾತೆಯಲ್ಲಿ ನೋಡಿ. ಮೇಷ್ಟ್ರು ದಿನಾ ಬೆಳಿಗ್ಗೆ ನೀರು ಕುಡಿಯುವಾಗ ಮೂಗು ತಾಗಿಸಿ ಓದಿದರು. ಓದಿದಷ್ಟೂ ತಲೆ ಕೆಟ್ಟು ಮೊಸರಾಯಿತು. ಚೌಕಾಸಿ ಮಾಡದವನನ್ನು ನಂಬುವಂತಿಲ್ಲ, ಮಾಡಿದವನಿಗೆ ಕೊಡಲು ಮನಸ್ಸಿಲ್ಲ. ಹಾಗಾದರೆ ಕೊಡುವುದು ಯಾರಿಗೆ?

ಮೊದಲು ಬಂದದ್ದು ಒಂದು ಫೋನು. ತಾನು ಹಡಗಿನಲ್ಲಿದ್ದೇನೆ, ಕಾರು ನೋಡುವುದು ಬೇಡ, ಕೇಳಿದ್ದಕ್ಕಿಂತ ಹೆಚ್ಚೇ ಕಳಿಸುತ್ತೇನೆ, ಉಳಿದದ್ದನ್ನು ಸಾಗಿಸುವವನಿಗೆ ಕೊಟ್ಟುಬಿಡಿ ಎಂದಿತು ಆ ದನಿ. "ಹಡಗಲ್ಲಿ ಕಾರ್ ಎಲ್ಲಿ ಓಡಿಸ್ತೀಯಪ್ಪಾ?" ಎಂದು ಕೇಳಿ ಮೇಷ್ಟ್ರು ಫೋನ್ ಇಟ್ಟರು. ಆಮೇಲೆ ಇಬ್ಬರು ಮನೆಗೇ ಬಂದರು. ಒಬ್ಬ ಜಗಲಿಯಲ್ಲಿ ಕೂತು ಮೇಷ್ಟ್ರ ಆರೋಗ್ಯ ವಿಚಾರಿಸುತ್ತಿದ್ದರೆ ಇನ್ನೊಬ್ಬ ಬಾನೆಟ್ ಎತ್ತಿ, ಜೇಬಿನಿಂದ ಸಣ್ಣ ಸೀಸೆ ತೆಗೆದು ರೇಡಿಯೇಟರಿಗೆ ಎಣ್ಣೆ ಸುರಿಯಲು ಹೊರಟಿದ್ದ. ಎಂಜಿನ್ ಕೆಟ್ಟಿದೆ ಎಂದು ಬೊಬ್ಬೆ ಹಾಕಿ ಅರ್ಧ ಬೆಲೆಗೆ ಹೊಡೆಯುವ ಹೂಟ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಮಹಡಿಯಿಂದಲೇ ಕಂಡು, ಒದ್ದೆ ಪಂಚೆಯನ್ನು ಅವನ ತಲೆಯ ಮೇಲೆ ಎತ್ತಿ ಹಾಕಿದಳು. ಸೀಸೆ ಬಿಟ್ಟು ಓಡಿದರು. ನೀವು ಚಾಪೆಯ ಕೆಳಗೆ ತೂರಿದರೆ ಲೋಕ ರಂಗೋಲಿಯ ಕೆಳಗೆ ತೂರುತ್ತದೆ ಎಂದು ಹೆಂಡತಿ ಎರಡು ದಿನ ಗೊಣಗಿದಳು.

ನಡುವೆ ನಾಲ್ಕಾರು ಜನ ಫೋನ್ ಮಾಡಿ, ಎರಡನೇ ಬ್ರೇಕಿನ ಮಾತೆತ್ತಿ ಹಿಂದೆ ಸರಿದರು. ಆಮೇಲೆ ಒಬ್ಬ ಫೋನಿನಲ್ಲಿ, "ಸಾರ್, ನಾನು ನಿಮ್ ಸ್ಟೂಡೆಂಟು" ಎಂದ.

ಇದೇ ಮೇಷ್ಟ್ರ ಮರ್ಮಸ್ಥಾನ. ಸಾವಿರಾರು ಜನಕ್ಕೆ ಕಲಿಸಿದ್ದಾರೆ, ಒಬ್ಬರ ಮುಖವೂ ನೆನಪಿಲ್ಲ. ಪಕ್ಕದಲ್ಲಿ ಕೂತವರು ಮುಖ ಎಲ್ಲಿ ನೋಡುತ್ತಾರೆ? ಅವರು ನೋಡಿದ್ದು ರಸ್ತೆಯನ್ನು ಮತ್ತು ಕಾಲುಗಳನ್ನು. ಅಡ್ಡಹೆಸರಿಟ್ಟದ್ದೂ ಕಾಲುಗಳಿಗೇ. ಒಬ್ಬಳು ಹತ್ತಿಕಾಲು, ಒಬ್ಬ ಇಸ್ತ್ರಿಪೆಟ್ಟಿಗೆ, ಕ್ಲಚ್ಚನ್ನು ಒದೆಯುತ್ತಿದ್ದವನು ಕುದುರೆಕಾಲು. ದಾರಿಯಲ್ಲಿ ಯಾರಾದರೂ ನಮಸ್ಕಾರ ಸಾರ್ ಎಂದರೆ ಮೇಷ್ಟ್ರು ಮೊದಲು ಅವರ ಚಪ್ಪಲಿ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ಬ್ಯಾಂಕಿನ ಎದುರು ಭೇಟಿ. ಹೆಂಡತಿಯ ತಮ್ಮ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿ ತನ್ನ ಕೆಲಸಕ್ಕೆ ಹೋದ. ಮೇಷ್ಟ್ರು ಕಾರಿನ ಕಾಗದಗಳನ್ನು ಬನಿಯನ್ನಿನೊಳಗೆ ತುರುಕಿಕೊಂಡಿದ್ದರು. ಬೆವರಿಗೆ ಅವು ಹೊಟ್ಟೆಗೆ ಅಂಟಿ, ಉಸಿರಾಡಿದಾಗಲೆಲ್ಲ ಸರಸರ ಸದ್ದಾಗುತ್ತಿತ್ತು.

ಬಂದವನಿಗೆ ಮೂವತ್ತೈದರ ಆಸುಪಾಸು. ತಿಳಿ ಬಣ್ಣದ ಅಂಗಿ, ಪಾಲಿಶ್ ಮಾಡಿದ ಬೂಟು. ಕಾರನ್ನು ಒಂದು ಸುತ್ತು ಬಂದ. ಟೈರು ಒದೆಯಲಿಲ್ಲ, ಗೀರುಗಳನ್ನು ಲೆಕ್ಕ ಹಾಕಲಿಲ್ಲ. "ಹೇಳಿದ ಬೆಲೆಗೇ ತಗೋತೀನಿ ಸಾರ್. ಇವತ್ತೇ ಆದ್ರೆ ಒಳ್ಳೇದು" ಎಂದ.

ಚೌಕಾಸಿ ಇಲ್ಲ, ಒಂದು. ಅವಸರ, ಎರಡು. ಗುರುತು, ಮೂರು. ಮೇಷ್ಟ್ರು ಬೆರಳು ಮಡಚಿದರು. ಆದರೆ ದನಿಯಲ್ಲಿ ಎಂಥ ಮರ್ಯಾದೆ! ಮೋಸಗಾರರಿಗೇ ಮರ್ಯಾದೆ ಹೆಚ್ಚು ಎಂದು ಮಗಳು ಹೇಳುತ್ತಾಳೆ. ಹಾಗಂತ ಮರ್ಯಾದಸ್ಥರೆಲ್ಲ ಮೋಸಗಾರರೇ?

"ಒಂದು ರೌಂಡ್ ಹೋಗೋಣ" ಎಂದರು. ಕಾಲು ನೋಡಿದರೆ ತಿಳಿದೀತು ಎಂಬ ಆಸೆ.

ಅವನು ಓಡಿಸಿದ. ಬೂಟಿನ ಕಾಲು ಹೂವಿನ ಮೇಲಿಟ್ಟಷ್ಟು ಹಗುರ. ಗೇರು ಬದಲಾದದ್ದೇ ಗೊತ್ತಾಗಲಿಲ್ಲ. ಇಷ್ಟು ಚೆನ್ನಾದ ಕಾಲು ನನ್ನ ಕೈಯಲ್ಲಿ ಪಳಗಿದ್ದರೆ ಮರೆಯುತ್ತಿದ್ದೆನೇ ಎಂದು ಮೇಷ್ಟ್ರಿಗೆ ಅನುಮಾನ. ಜೊತೆಗೇ ಇನ್ನೊಂದು ಹೊಳೆಯಿತು. ನಿಜವಾಗಿ ಕಾರು ಬೇಕಾಗಿ ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಆ ಎರಡನೇ ಬ್ರೇಕಿನ ವಿಷಯ. ತೆಗೆಸಬಹುದಾ, ಎಷ್ಟು ಖರ್ಚು, ಮಕ್ಕಳು ತುಳಿದರೆ ಏನು ಗತಿ. ಇವನು ಒಂದು ಮಾತೂ ಕೇಳಿಲ್ಲ. ಇಟ್ಟುಕೊಳ್ಳುವ ಉದ್ದೇಶವಿದ್ದವನು ಕೇಳುತ್ತಾನೆ, ಹಾರಿಸಿಕೊಂಡು ಹೋಗುವವನಿಗೆ ಬ್ರೇಕು ಎರಡಿದ್ದರೇನು, ಹತ್ತಿದ್ದರೇನು!

ಮತ್ತೆ ಬ್ಯಾಂಕಿನ ಎದುರು ಬಂದು ನಿಂತರು. ಅವನು ಎಂಜಿನ್ ಆರಿಸದೆಯೇ ತನ್ನ ಫೋನಿನಲ್ಲಿ ಏನೇನೋ ಒತ್ತಿದ. ಮೇಷ್ಟ್ರ ಜೇಬಿನಲ್ಲಿ ಟಣ್ ಎಂದಿತು.

"ಬಂತಲ್ಲ ಸಾರ್? ಬನ್ನಿ, ನಿಮ್ಮನ್ನ ಮನೆಗೆ ಬಿಟ್ಟು ನಾನು ಹೊರಡ್ತೀನಿ" ಎಂದು ಗೇರು ಹಾಕಿದ.

ಮೇಷ್ಟ್ರ ಕಾಲು ಎರಡನೇ ಬ್ರೇಕಿನ ಮೇಲೆ ಇಳಿಯಿತು. ಎಂಜಿನ್ ಒಮ್ಮೆ ಬಿಕ್ಕಳಿಸಿ ನಿಂತಿತು.

ಅವನು ಮತ್ತೆ ಸ್ಟಾರ್ಟ್ ಮಾಡಿದ. ಮೇಷ್ಟ್ರು ಮತ್ತೆ ಒತ್ತಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಕಾರು ನಿಂತಲ್ಲೇ ಮುಗ್ಗರಿಸಿತು.

"ಸಾರ್, ಕಾಲು..."

"ಕಾಲು ಇರ್ಲಿ."

"ಮೆಸೇಜ್ ಬಂತಲ್ಲ ಸಾರ್."

"ಮೆಸೇಜ್ ಬಂತು. ದುಡ್ಡು ಬಂತಾ?"

ಮೇಷ್ಟ್ರು ಫೋನ್ ಕಣ್ಣಿಗೆ ಹಿಡಿದರೆ ಅಕ್ಷರಗಳೆಲ್ಲ ಇರುವೆ ಸಾಲು. ಬ್ಯಾಂಕಿನ ಬಾಗಿಲು ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. ಒಳಗೆ ಹೋಗಿ ಕೇಳಿದರೆ ಮುಗಿಯಿತು. ಆದರೆ ಹೋಗಬೇಕೆಂದರೆ ಕಾಲು ತೆಗೆಯಬೇಕಲ್ಲ! ಬ್ಯಾಂಕಿಗೆ ಫೋನ್ ಮಾಡಿದರು. ಸಂಗೀತ ಬಂತು. ಆಮೇಲೆ ಒಬ್ಬಳು ಖಾತೆಯ ವಿವರಕ್ಕೆ ನಾಲ್ಕನ್ನು ಒತ್ತಿ ಎಂದಳು. ನಾಲ್ಕು ಎಲ್ಲಿದೆಯೋ ಕಾಣಲಿಲ್ಲ. ಅಂದಾಜಿನಲ್ಲಿ ಒತ್ತಿದ್ದು ಸಾಲದ ವಿಭಾಗಕ್ಕೆ ಹೋಗಿ, ಒಬ್ಬ ಯುವಕ ಹೊಸ ಕಾರು ಕೊಳ್ಳುವಿರಾ ಎಂದು ಕೇಳಿದ.

"ಕೊಡಿ ಸಾರ್, ನಾನು ಒತ್ತಿಕೊಡ್ತೀನಿ" ಎಂದು ಪಕ್ಕದವನು ಕೈಚಾಚಿದ.

ಮೇಷ್ಟ್ರು ಫೋನನ್ನು ಎದೆಗವಚಿಕೊಂಡರು. ಬನಿಯನ್ನಿನೊಳಗೆ ಕಾಗದ ಸರಸರ ಎಂದಿತು. ಬಲಗಾಲಿನ ಮೀನಖಂಡ ಆಗಲೇ ನಡುಗತೊಡಗಿತ್ತು. ಇನ್ನು ಉಳಿದದ್ದು ಒಂದೇ ದಾರಿ, ಫೋನಿನ ಮೂಲೆಯ ಒಂದನೇ ನಂಬರನ್ನು ಒತ್ತಿ ಹಿಡಿದರೆ ಮಗಳಿಗೆ ಕರೆ ಹೋಗುವ ದಾರಿ. ಒತ್ತಿದರೆ ತಾನು ಸೋತಂತೆ, ಒತ್ತದಿದ್ದರೆ ಕಾರು ಹೋದಂತೆ. ಕಡೆಗೆ ಒತ್ತಿದರು.

"ಹತ್ತು ನಿಮಿಷ. ಹಾಗೇ ಕೂತಿರಿ, ಏನೂ ಮಾಡ್ಬೇಡಿ" ಎಂದಳು ಮಗಳು.

ಅವನು ಮೆಲ್ಲಗೆ ಕೇಳಿದ. "ನಾನು ಮೋಸಗಾರ ಅಂದ್ಕೊಂಡ್ರಾ ಸಾರ್?"

"ಏನಂದ್ಕೋಬೇಕೋ ಗೊತ್ತಾಗ್ತಿಲ್ಲಪ್ಪಾ. ಈ ಬ್ರೇಕಿನ ಬಗ್ಗೆ ನೀನು ಒಂದು ಮಾತೂ ಕೇಳ್ಲಿಲ್ಲ."

"ಕೇಳೋದೇನಿದೆ? ನಾನು ಬಂದಿರೋದೇ ಆ ಬ್ರೇಕಿಗೆ." ಅವನು ಸ್ಟೀರಿಂಗಿನ ಮೇಲೆ ಬೆರಳಾಡಿಸಿದ. "ಎಂಟು ತಿಂಗಳಾಯ್ತು ಸಾರ್. ನನ್ ಹೆಂಡ್ತಿ ಓಡಿಸ್ತಿದ್ಲು, ನಾನು ಪಕ್ಕದಲ್ಲಿದ್ದೆ. ಏರಲ್ಲಿ ಕಾರು ಹಿಂದಕ್ಕೆ ಜಾರ್ತು. ಕೆಳಗೆ ಲಾರಿ. ನಾನು ಬರೀ ನೆಲ ಒತ್ತಿದೆ ಸಾರ್, ಕಾಲು ಮುರಿಯೋ ಹಾಗೆ ಒತ್ತಿದೆ. ಅಲ್ಲಿ ಏನಿರುತ್ತೆ? ಅವಳು ಉಳ್ಕೊಂಡ್ಲು. ಆದ್ರೆ ಈಗ ಸ್ಟೀರಿಂಗ್ ಮುಟ್ಟಲ್ಲ. ನಿನ್ನ ಕಡೇನೂ ಒಂದು ಬ್ರೇಕ್ ಇದ್ರೆ ಕೂರ್ತೀನಿ ಅಂತಾಳೆ."

ಮಗಳ ಕಾರಿನಲ್ಲಿ ಕೂತಾಗ ಮೇಷ್ಟ್ರೂ ಹೀಗೇ ನೆಲ ಒತ್ತುತ್ತಾರೆ. ಅಪ್ಪಾ, ಅಲ್ಲಿ ಬ್ರೇಕ್ ಇಲ್ಲ, ಎಂದು ಅವಳು ಬೈಯುತ್ತಾಳೆ. ಆದರೆ ಮರುಗಳಿಗೆಯೇ ಅನುಮಾನ ತಲೆಯೆತ್ತಿತು. ಕಣ್ಣೀರಿನ ಕತೆ ಹೇಳುವವನನ್ನು ನಂಬಬೇಡಿ ಎಂಬುದು ಎಂಟನೆಯ ನಿಯಮ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗೆಂದು ಹಾಲೂ ಬೆಳ್ಳಗೇ ತಾನೇ ಇರುವುದು? ಕಾಲು ಬ್ರೇಕಿನ ಮೇಲೆಯೇ ಇತ್ತು.

"ನನ್ನ ನೆನಪಿಲ್ಲ ಅಲ್ವಾ ಸಾರ್. ನನ್ನ ನಡುಗುಕಾಲು ಅಂತಿದ್ರಿ."

ನಡುಗುಕಾಲು! ಮೇಷ್ಟ್ರು ತಟ್ಟನೆ ಹೆಗಲು ಮುಟ್ಟಿ ನೋಡಿಕೊಂಡರು, ಕುಂಬಳಕಾಯಿ ಕದ್ದವರಂತೆ.

"ಟೆಸ್ಟ್ ದಿನ, ಇದೇ ಕಾರು" ಎಂದ ಅವನು. "ಇನ್ಸ್‌ಪೆಕ್ಟ್ರು ಹಿಂದಿನ ಸೀಟಲ್ಲಿ. ಏರಲ್ಲಿ ನಿಲ್ಸಿ ಹೊರಡು ಅಂದ್ರು. ನನ್ ಕಾಲು ಕ್ಲಚ್ ಮೇಲೆ ಗಡಗಡ. ಕಾರು ಹಿಂದಕ್ಕೆ ಜಾರೋಕೆ ಶುರುವಾಯ್ತು, ನಿಂತ್ಬಿಡ್ತು. ನಾನು ನಿಲ್ಸಿರ್ಲಿಲ್ಲ ಸಾರ್. ನೀವು ಕಿಟಕಿ ಹೊರಗೆ ನೋಡ್ತಾ ಕೂತಿದ್ರಿ. ಆದ್ರೆ ನಿಮ್ಮ ಬೂಟಿನ ತುದಿ ಕೆಳಗಿತ್ತು."

ಇದನ್ನು ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರು ಮಾಡಿದ ಒಂದೇ ಒಂದು ಮೋಸ ಅದು. ಏರಿನಲ್ಲಿ ಅಪಘಾತ ಎಂದು ಪೇಪರಿನಲ್ಲಿ ಬಂದಾಗಲೆಲ್ಲ, ಓಡಿಸಿದವನು ಅವನೇ ಇರಬಹುದೇ ಎಂದು ಹುಡುಕಿ ಓದಿ ಎಷ್ಟು ಸಲ ಊಟ ಬಿಟ್ಟಿದ್ದರೋ!

"ಆಮೇಲೆ ಏರಲ್ಲಿ ಯಾವತ್ತಾದ್ರೂ..."

"ಮಾರನೇ ದಿನದಿಂದ ಒಂದು ತಿಂಗಳು, ಬೆಳಿಗ್ಗೆ ಎದ್ದು ಅದೇ ಏರಲ್ಲಿ ಕಲ್ತೆ ಸಾರ್. ಹದಿನಾಲ್ಕು ವರ್ಷ ಆಂಬುಲೆನ್ಸ್ ಓಡಿಸಿದ್ದೀನಿ. ನನ್ನ ಕಾಲಲ್ಲಿ ಒಂದ್ಸಲಾನೂ ಜಾರಿಲ್ಲ."

ಮೇಷ್ಟ್ರು ಬ್ರೇಕಿನಿಂದ ಕಾಲು ತೆಗೆದರು.

"ಅಪ್ಪಾ, ತೆಗೀಬೇಡಿ! ನಾನಿನ್ನೂ ಖಾತೆ ನೋಡಿಲ್ಲ" ಎಂಬ ದನಿ ಕೇಳಿ ತಿರುಗಿದರೆ ಮಗಳು ಕಿಟಕಿಯ ಪಕ್ಕದಲ್ಲೇ ನಿಂತಿದ್ದಳು, ಲ್ಯಾಬಿನ ಬಿಳಿ ಕೋಟಿನಲ್ಲೇ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೋಡಮ್ಮಾ. ನನ್ನದು ನೋಡಿ ಆಯ್ತು" ಎಂದರು ಮೇಷ್ಟ್ರು.

ಅವಳು ಅಪ್ಪನ ಫೋನ್ ಇಸಿದುಕೊಂಡು ಖಾತೆ ತೆರೆದು ನೋಡಿದಳು. ಎರಡು ಸಲ ನೋಡಿದಳು. "ಬಂದಿದೆ, ಪೂರ್ತಿ" ಎಂದಳು. ಆಮೇಲೆ ಒಮ್ಮೆ ಅವನನ್ನು, ಒಮ್ಮೆ ಅಪ್ಪನನ್ನು ನೋಡಿ ಕೇಳಿದಳು, "ಇಷ್ಟು ಹೊತ್ತು ಕಾಲಲ್ಲಿ ಒತ್ಕೊಂಡು ಕೂತಿದ್ರಲ್ಲ, ಕೀ ತಗೊಂಡು ಬ್ಯಾಂಕ್ ಒಳಗೆ ಹೋಗ್ಬಹುದಿತ್ತಲ್ಲ?"

ಮೇಷ್ಟ್ರೂ ಶಿಷ್ಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೀ ಅಲ್ಲೇ ಸ್ಟೀರಿಂಗಿನ ಕೆಳಗೆ ತೂಗಾಡುತ್ತಿತ್ತು. ಇಬ್ಬರಿಗೂ ಹೊಳೆದೇ ಇರಲಿಲ್ಲ. ಮೊದಲ ಬಾರಿಗೆ ಮೇಷ್ಟ್ರು ಆ ಮುಖವನ್ನು ಎದುರಿನಿಂದ ನೋಡಿದರು. ಮಂಜು ಮಂಜಾಗಿತ್ತು, ಆದರೆ ನಗುತ್ತಿತ್ತು. ಅವರು ಬನಿಯನ್ನಿನಿಂದ ಬೆಚ್ಚಗಿದ್ದ ಕಾಗದ ತೆಗೆದು ಸಹಿ ಮಾಡಿ, "ತಪ್ಪು ತಿಳ್ಕೋಬೇಡಪ್ಪಾ" ಎಂದರು. ಅವನು ಬಗ್ಗಿ ಅವರ ಮರಗಟ್ಟಿದ ಕಾಲನ್ನು ತಿಕ್ಕಿ, ಕಾರಿನಿಂದ ಇಳಿಸಿದ.

ಮಗಳು ಅಪ್ಪನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಮನೆಯ ದಾರಿ ಹಿಡಿದಳು. ಫೋನ್ ಕಿತ್ತುಕೊಳ್ಳುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಮೇಷ್ಟ್ರು ಕಾದರು. ಮನೆಗೆ ಮುಂಚಿನ ಏರಿನಲ್ಲಿ ಕೆಂಪು ದೀಪ ಬಿತ್ತು.

"ನಾನು ಟೆಸ್ಟಲ್ಲಿ ಎರಡು ಸಲ ಫೇಲಾದೆ. ಎರಡು ಸಲಾನೂ ಏರಲ್ಲೇ. ನೀವು ಪಕ್ಕದಲ್ಲೇ ಇದ್ರಿ" ಎಂದಳು ಮಗಳು. "ನಂಗ್ಯಾಕೆ ಒತ್ತಲಿಲ್ಲ?"

ಮೇಷ್ಟ್ರು ಉತ್ತರ ಹುಡುಕಿದರು. ಒಂಬತ್ತು ನಿಯಮಗಳಲ್ಲಿ ಅದಿರಲಿಲ್ಲ. "ಅವನಪ್ಪ ಹಾಸಿಗೆ ಹಿಡಿದಿದ್ದ. ಮಾರನೇ ದಿನ ಲೈಸೆನ್ಸ್ ತೋರಿಸದಿದ್ರೆ ಕೆಲಸ ಇಲ್ಲ ಅಂದಿದ್ರು. ಅವನಿಗೆ ಎರಡನೇ ಸಲ ಅಂತ ಇರ್ಲಿಲ್ಲ ಕಣಮ್ಮಾ. ನಿಂಗಿತ್ತು. ಮೂರನೇದೂ ಇತ್ತು" ಎಂದರು. ಹೇಳಿದ ಮೇಲೂ ಅದು ನ್ಯಾಯವೋ ಅನ್ಯಾಯವೋ ಅವರಿಗೇ ತಿಳಿಯಲಿಲ್ಲ.

ದೀಪ ಹಸಿರಾಯಿತು. ಮಗಳು ಕ್ಲಚ್ ಬಿಟ್ಟಳು. ಕಾರು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಏರು ಹತ್ತಿತು. ಆದರೂ ಮೇಷ್ಟ್ರ ನೋಯುತ್ತಿದ್ದ ಬಲಗಾಲು ತಾನಾಗಿಯೇ ಬರಿ ನೆಲವನ್ನು ಒತ್ತಿತು. ಬೈಗುಳಕ್ಕೆ ತಯಾರಾಗಿ ಅವರು ಕಾಲನ್ನು ಹಿಂದಕ್ಕೆಳೆದುಕೊಳ್ಳಲು ಹೋದರು.

"ಒತ್ತಿ ಅಪ್ಪಾ, ಪರವಾಗಿಲ್ಲ" ಎಂದಳು ಮಗಳು.